ಹಂಪಿ ಎಕ್ಸ್‌ಪ್ರೆಸ್ಸಿನ ಒಂದು ರಾತ್ರಿ

ಹಂಪಿಯನ್ನು ನೋಡಬೇಕೆಂಬ ಆಸೆಯಿಲ್ಲದ ಕನ್ನಡ ಸಂಸಾರ ಬಹುಶಃ ಇರಲಾರದು. ಆ ಆಸೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡದ ಸಂಸಾರವೂ ಅಪರೂಪವೇ. ಮಕ್ಕಳ ಪರೀಕ್ಷೆ ಮುಗಿಯಲಿ, ಬಿಸಿಲು ಇಳಿಯಲಿ, ಅತ್ತೆಯವರ ಮಂಡಿನೋವು ವಾಸಿಯಾಗಲಿ ಎಂದು ಕಾಯುತ್ತ ಕಾಯುತ್ತ ಮಕ್ಕಳೇ ದೊಡ್ಡವರಾಗಿಬಿಡುತ್ತಾರೆ. ಕಡೆಗೊಂದು ದಿನ ಹೊರಡುವುದು ನಿಶ್ಚಯವಾದಾಗ, ಹೋಗುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಬಸ್ಸುಗಳಿವೆ, ಬಾಡಿಗೆಯ ಕಾರುಗಳಿವೆ. ಆದರೂ ವೃದ್ಧರು, ಮಕ್ಕಳು, ಬುತ್ತಿಯ ಗಂಟು ಇವೆಲ್ಲವನ್ನೂ ಕಟ್ಟಿಕೊಂಡು ಹೊರಡುವವರಿಗೆ ಇಂದಿಗೂ ರಾತ್ರಿಯ ರೈಲೇ ಸುಖಕರ.

ಮೈಸೂರಿನಿಂದ ಹುಬ್ಬಳ್ಳಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಸಂಜೆ ಮೈಸೂರನ್ನು ಬಿಟ್ಟು, ರಾತ್ರಿ ಹತ್ತರ ಸುಮಾರಿಗೆ ಬೆಂಗಳೂರಿನಿಂದ ಮುಂದಕ್ಕೆ ಸಾಗಿ, ಮರುದಿನ ಬೆಳಗ್ಗೆ ಏಳರ ಆಸುಪಾಸಿನಲ್ಲಿ ಹೊಸಪೇಟೆಯನ್ನು ಮುಟ್ಟುತ್ತದೆ. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ 139 ಸಂಖ್ಯೆಗೆ ದೂರವಾಣಿ ಮಾಡಿ ವಿಚಾರಿಸಿಕೊಳ್ಳುವುದು ಲೇಸು. ಟಿಕೆಟ್ಟಿನ ವಿಷಯದಲ್ಲಿ ಮಾತ್ರ ಸೋಮಾರಿತನ ಸಲ್ಲದು. ಮೊದಲು 120 ದಿನ ಮುಂಚಿತವಾಗಿ ಸ್ಥಳ ಕಾದಿರಿಸುವ ಅವಕಾಶವಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ದಸರೆಯ ರಜೆ, ಹಂಪಿ ಉತ್ಸವದ ದಿನಗಳಲ್ಲಿ ಸ್ಥಳಗಳು ಬೇಗನೆ ತುಂಬಿಹೋಗುತ್ತವೆ. ಕೊನೆಯ ಗಳಿಗೆಯವರಿಗೆ ಹಿಂದಿನ ದಿನ ತತ್ಕಾಲ್ ಎಂಬ ವ್ಯವಸ್ಥೆಯುಂಟು. ಅದರಲ್ಲಿ ದುಡ್ಡೂ ಹೆಚ್ಚು, ಎದೆಬಡಿತವೂ ಹೆಚ್ಚು. ಆರ್.ಎ.ಸಿ. ಎಂದು ಬಂದರೆ ಸ್ಥಳ ಸಿಗಲಿಲ್ಲವೆಂದು ಭಾವಿಸಬೇಕಾಗಿಲ್ಲ: ಪಕ್ಕದ ಕೆಳಗಿನ ಒಂದೇ ಬರ್ತಿನಲ್ಲಿ ಇಬ್ಬರು ಕುಳಿತು ಪ್ರಯಾಣ ಮಾಡಬೇಕು, ಅಷ್ಟೆ. ಪರಿಚಯವೇ ಇಲ್ಲದ ಆ ಇನ್ನೊಬ್ಬರು ಬೆಳಗಾಗುವಷ್ಟರಲ್ಲಿ ನೆಂಟರಂತೆ ಆಗಿರುವುದೂ ಉಂಟು.

ಊಟವನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗುವುದು ಮೇಲು. ಚಪಾತಿ, ಚಿತ್ರಾನ್ನ, ಮೊಸರನ್ನ, ಕುಡಿಯುವ ನೀರು ಇದ್ದರೆ ಸಾಕು. ಮಧ್ಯದ ಬರ್ತನ್ನು ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮಾತ್ರ ಬಿಚ್ಚಬೇಕೆಂದು ನಿಯಮ. ಹತ್ತು ಗಂಟೆಗೆ ಹೊರಡುವ ಗಾಡಿಯಲ್ಲಿ ಹತ್ತಿದೊಡನೆ ಮಲಗುವವರಿಗೂ, ಬುತ್ತಿ ಬಿಚ್ಚಿ ಕೆಳಗೆ ಕೂತು ಉಣ್ಣುವವರಿಗೂ ಸಣ್ಣದೊಂದು ಜಟಾಪಟಿ ನಡೆಯದೆ ಇರುವುದಿಲ್ಲ. ಸಾಮಾನನ್ನು ಬರ್ತಿನ ಕೆಳಗೆ ಸರಪಣಿಯಿಂದ ಬಿಗಿದು, ಕೈಚೀಲವನ್ನು ತಲೆದಿಂಬಾಗಿಸಿಕೊಂಡರೆ ನಿದ್ದೆ ನಿಶ್ಚಿಂತೆ.

ಕನ್ನಡನಾಡಿನ ಇಂದಿನ ರಾಜಧಾನಿಯಿಂದ ಅಂದಿನ ರಾಜಧಾನಿಗೆ ಹೋಗುವ ಈ ಗಾಡಿಯು ರಾತ್ರಿಯ ಬಹುಭಾಗವನ್ನು ಆಂಧ್ರದಲ್ಲಿ ಕಳೆಯುತ್ತದೆಂಬುದು ಅನೇಕರಿಗೆ ತಿಳಿಯದು. ದೊಡ್ಡಬಳ್ಳಾಪುರ, ಗೌರಿಬಿದನೂರು ಕಳೆದರೆ ಹಿಂದೂಪುರ. ಅಲ್ಲಿಂದ ಪೆನುಕೊಂಡ, ಧರ್ಮಾವರಂ, ಅನಂತಪುರ, ಗುಂತಕಲ್ಲು. ಬಳ್ಳಾರಿ ಸಮೀಪಿಸಿದಾಗಲೇ ಮತ್ತೆ ಕರ್ನಾಟಕ. ಬಳ್ಳಾರಿ, ಅನಂತಪುರ ಎರಡೂ ಹಿಂದೆ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಜಿಲ್ಲೆಗಳು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ, ಹೊಸಪೇಟೆ, ಸಂಡೂರು ಮೊದಲಾದ ತಾಲ್ಲೂಕುಗಳು ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಗಡಿಯ ಗೆರೆಯನ್ನು ಎಳೆದವರು ರೈಲಿನ ಹಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ.

ಪೆನುಕೊಂಡ ಬರುವಾಗ ಗಾಡಿಯಲ್ಲಿ ಬಹುತೇಕ ಎಲ್ಲರೂ ನಿದ್ರಿಸುತ್ತಿರುತ್ತಾರೆ. ಎಚ್ಚರವಿದ್ದವರಿಗೂ ಕಿಟಕಿಯಾಚೆ ಕತ್ತಲೆಯಲ್ಲಿ ಗುಡ್ಡದ ಕಪ್ಪು ಆಕೃತಿಯ ಹೊರತು ಏನೂ ಕಾಣದು. ಆದರೆ ಹಂಪಿಗೆ ಹೋಗುವವರು ನೆನೆಯಲೇಬೇಕಾದ ಊರು ಅದು. 1565ರ ಜನವರಿಯಲ್ಲಿ ರಕ್ಕಸ ತಂಗಡಿಯ ಕಾಳಗದಲ್ಲಿ ಅಳಿಯ ರಾಮರಾಯ ಮಡಿದ ಮೇಲೆ, ಅವನ ತಮ್ಮ ತಿರುಮಲನು ದೊರೆ ಸದಾಶಿವರಾಯನನ್ನು ಕರೆದುಕೊಂಡು, ಅರಮನೆಯ ಭಂಡಾರವನ್ನು ಐನೂರಕ್ಕೂ ಹೆಚ್ಚು ಆನೆಗಳ ಮೇಲೆ ಹೇರಿಕೊಂಡು ವಿಜಯನಗರವನ್ನು ಬಿಟ್ಟು ಹೊರಟನೆಂದು ಇತಿಹಾಸ ಗ್ರಂಥಗಳು ಹೇಳುತ್ತವೆ. ಅವನು ಸೇರಿದ್ದು ಪೆನುಕೊಂಡವನ್ನು. ಸಾಮ್ರಾಜ್ಯದ ಮುಂದಿನ ರಾಜಧಾನಿ ಅದೇ ಆಯಿತು. ಅರಸರು ಬಿಟ್ಟುಹೋದ ಊರನ್ನು ನೋಡಲು ಇಂದಿನ ಪ್ರವಾಸಿಯು ಅರಸರು ಸೇರಿದ ಊರನ್ನು ದಾಟಿಕೊಂಡು, ಅವರಿಗೆ ಎದುರು ದಿಕ್ಕಿನಲ್ಲಿ ಹೋಗುತ್ತಾನೆ.

ಪೆನುಕೊಂಡದ ಹೆಸರು ಇನ್ನೊಂದು ಕಾರಣಕ್ಕೂ ಈ ಗಾಡಿಯೊಡನೆ ಸೇರಿಕೊಂಡಿದೆ. 2012ರ ಮೇ 22ರ ನಸುಕಿನಲ್ಲಿ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ಅಲ್ಲಿಯ ನಿಲ್ದಾಣದಲ್ಲಿ ನಿಂತಿದ್ದ ಸರಕು ಗಾಡಿಗೆ ಹಿಂದಿನಿಂದ ಅಪ್ಪಳಿಸಿತು. ಎಂಜಿನ್ನಿನ ಹಿಂದಿದ್ದ ಬೋಗಿ ನಜ್ಜುಗುಜ್ಜಾಗಿ ಬೆಂಕಿ ಹತ್ತಿಕೊಂಡಿತು. ಸುಮಾರು 25 ಮಂದಿ ಪ್ರಾಣ ಕಳೆದುಕೊಂಡರು. ಬೆಂಗಳೂರಿಗೆ ಕೂಲಿನಾಲಿ ಅರಸಿ ಹೊರಟಿದ್ದವರೂ ಅವರಲ್ಲಿದ್ದರು. ಹಿಂದಿನ ಬೋಗಿಗಳಲ್ಲಿದ್ದ ಅನೇಕರಿಗೆ ಒಂದು ದೊಡ್ಡ ಕುಲುಕಾಟದಿಂದ ಎಚ್ಚರವಾಯಿತೇ ವಿನಾ ಹೆಚ್ಚಿನ ಅಪಾಯವಾಗಲಿಲ್ಲ. ಒಂದೇ ಗಾಡಿ, ಒಂದೇ ರಾತ್ರಿ; ಯಾರು ಎಲ್ಲಿ ಕುಳಿತಿದ್ದರೆಂಬುದಷ್ಟೇ ವ್ಯತ್ಯಾಸ.

ಗುಂತಕಲ್ಲಿನಲ್ಲಿ ಚಹಾ ಮಾರುವವರ ಕೂಗು ಎಬ್ಬಿಸದ ಪ್ರಯಾಣಿಕನಿಲ್ಲ. ನಾಲ್ಕೂ ದಿಕ್ಕಿನ ಹಳಿಗಳು ಕೂಡುವ ದೊಡ್ಡ ಜಂಕ್ಷನ್ ಅದು. ಅಲ್ಲಿಂದ ಬಳ್ಳಾರಿಗೆ ಸುಮಾರು 50 ಕಿಲೋಮೀಟರು. ಹೊಸಪೇಟೆಯ ಹಾದಿಯಲ್ಲಿ 1990ರ ದಶಕದವರೆಗೂ ಓಡುತ್ತಿದ್ದುದು ಮೀಟರ್ ಗೇಜಿನ ಪುಟ್ಟ ಗಾಡಿಗಳು. ಬಳ್ಳಾರಿ ದಾಟಿದ ಮೇಲೆ ಮಲಗಿರುವುದು ತಪ್ಪು. ಎರಿಭೂಮಿ, ಅದರ ನಡುವೆ ಯಾರೋ ಪೇರಿಸಿಟ್ಟಂತೆ ಬಂಡೆಗಳ ಗುಡ್ಡ, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಹೊಗೆಕೊಳವೆಗಳು, ಕರಡಿಗಳ ಧಾಮಕ್ಕೆ ಹೆಸರಾದ ದರೋಜಿ. ಅದಿರಿನ ಸರಕು ಗಾಡಿಗಳಿಗೆ ದಾರಿ ಬಿಟ್ಟು ಈ ಕೊನೆಯ ಭಾಗದಲ್ಲಿ ಗಾಡಿ ತಡವಾದರೆ ಬೇಸರಪಡಬಾರದು. ಕಿಟಕಿಯಾಚೆಗೆ ನೋಡಲು ಸಾಕಷ್ಟಿದೆ.

ಹೊಸಪೇಟೆ ಕೃಷ್ಣದೇವರಾಯನು ನಾಗಲಾದೇವಿಯ ಹೆಸರಿನಲ್ಲಿ ನಾಗಲಾಪುರವೆಂದು ಕಟ್ಟಿಸಿದ ಊರು. 2021ರಿಂದ ವಿಜಯನಗರ ಜಿಲ್ಲೆಯ ಕೇಂದ್ರ. ನಿಲ್ದಾಣದ ಹೊರಗೆ ಕಾಲಿಡುತ್ತಲೇ ಆಟೋದವರು ಮುತ್ತುತ್ತಾರೆ. ಅವರಲ್ಲಿ ದರವನ್ನು ಮೊದಲೇ ಮಾತಾಡಿಕೊಳ್ಳಬೇಕು. ಬಸ್ಸಿನಲ್ಲಿ ಹೋಗುವುದಾದರೆ ಹಂಪಿಗೆ ಸುಮಾರು 13 ಕಿಲೋಮೀಟರು. ಹಂಪಿಯ ವರ್ಣನೆ ಇಲ್ಲಿ ಬೇಕಾಗಿಲ್ಲ. ಬಿಸಿಲಿಗೆ ಮುಂಚೆ ಹೊರಟು, ನಡುಮಧ್ಯಾಹ್ನ ನೆರಳಿನಲ್ಲಿರುವುದು ಒಳ್ಳೆಯದೆಂದರೆ ಸಾಕು.

ಇನ್ನೊಂದು ದಿನ ಕೈಯಲ್ಲಿದ್ದವರು ಹಂಪಿಗಷ್ಟೇ ಹೋಗಿ ಹಿಂದಿರುಗುವುದು ನಷ್ಟವೇ ಸರಿ. ಸಂಡೂರಿನ ಬೆಟ್ಟಗಳ ನಡುವೆ ನಾರಿಹಳ್ಳವು ಕೊರೆದ ಭೀಮಗಂಡಿ, ಓಬಳಗಂಡಿಗಳಿವೆ. ಮೇಲೆ ಕುಮಾರಸ್ವಾಮಿಯ ಪುರಾತನ ಗುಡಿಯಿದೆ. ಲಂಬಾಣಿ ಹೆಂಗಸರ ಕಸೂತಿಯನ್ನು ಅಲ್ಲಿಯೇ ಕೊಳ್ಳಬಹುದು. ಹೊಸಪೇಟೆಯಿಂದ ಸಂಡೂರಿನ ಬೆಟ್ಟಗಳ ಕಡೆಗೆ ಹಳಿಯಿದೆ, ಸ್ವಾಮಿಹಳ್ಳಿಯವರೆಗೆ; ಆದರೆ ಅದು ಮುಖ್ಯವಾಗಿ ಅದಿರಿಗಾಗಿ ಹಾಕಿದ ಹಳಿ. ಬೆಟ್ಟದ ಮಣ್ಣು ಗಾಡಿಯಲ್ಲಿ ಇಳಿದುಬರುತ್ತದೆ, ಬೆಟ್ಟ ನೋಡುವವರು ಬಸ್ಸಿನಲ್ಲಿ ಹತ್ತಿಹೋಗಬೇಕು. ಕಂಪ್ಲಿಗೂ ಬಸ್ಸೇ. ವಿಜಯನಗರ ಹುಟ್ಟುವ ಮೊದಲು ಇಲ್ಲಿ ಕಂಪಿಲರಾಯನ ರಾಜ್ಯವಿತ್ತು. 1327ರ ಸುಮಾರಿಗೆ ದೆಹಲಿಯ ಸೈನ್ಯಕ್ಕೆ ಸಿಕ್ಕಿ ಅಳಿಯಿತು. ಅವನ ಮಗ ಕುಮಾರರಾಮನ ಕಥೆಯನ್ನು ಈ ಸೀಮೆಯ ಜನ ಇನ್ನೂ ಮರೆತಿಲ್ಲ. ತುಂಗಭದ್ರೆ ತುಂಬಿ ಹರಿಯುವ ದಿನಗಳಲ್ಲಿ ಗಂಗಾವತಿಯ ಕಡೆಗೆ ಹೋಗುವ ಸೇತುವೆಯ ಮೇಲೂ ನೀರು ಬರುವುದುಂಟು. ಆಗ ಕಂಪ್ಲಿಗೆ ಹೊರಡುವ ಮುನ್ನ ಹೊಸಪೇಟೆಯಲ್ಲೇ ವಿಚಾರಿಸಬೇಕು.

ಹಿಂದಿರುಗುವ ಗಾಡಿ ರಾತ್ರಿ ಹೊಸಪೇಟೆಗೆ ಬರುತ್ತದೆ. ಪ್ರವಾಸಿಗಳು ತಮ್ಮ ಬೋಗಿಯ ಸಂಖ್ಯೆಯನ್ನು ಹುಡುಕುತ್ತ ಪ್ಲಾಟ್‌ಫಾರಂ ಮೇಲೆ ಹೆಜ್ಜೆ ಹಾಕುತ್ತಿರುವಾಗ, ಎರಡು ತುದಿಗಳಲ್ಲಿ ಇನ್ನೊಂದು ಗುಂಪು ಸೇರಿರುತ್ತದೆ. ಹೆಗಲ ಮೇಲೆ ಅಕ್ಕಿಯ ಚೀಲ, ಕೈಯಲ್ಲಿ ಪ್ಲಾಸ್ಟಿಕ್ ಬಿಂದಿಗೆ, ಸೊಂಟದಲ್ಲಿ ನಿದ್ದೆ ಹೋದ ಮಗು. ಬೆಂಗಳೂರಿನಲ್ಲಿ ಕಟ್ಟುತ್ತಿರುವ ಮನೆಗಳ ಗಾರೆಕೆಲಸಕ್ಕೆ ಹೊರಟವರು ಇವರು. ಇವರ ಚೀಟಿಯಲ್ಲಿ ಬರ್ತಿನ ಸಂಖ್ಯೆಯಿಲ್ಲ. ಗಾಡಿ ನಿಲ್ಲುವ ಮೊದಲೇ ಮೊದಲ ಬೋಗಿಯ ಬಾಗಿಲ ಹಿಡಿಗೆ ಕೈ ಹಾಕಿ ಒಬ್ಬ ಹುಡುಗ ಒಳಗೆ ನುಗ್ಗುತ್ತಾನೆ. ಕಿಟಕಿಯಿಂದ ಟವೆಲನ್ನು ಎಸೆದು, ಹೊರಗೆ ನಿಂತ ತಾಯಿಗೆ ಸ್ಥಳ ಸಿಕ್ಕಿತೆಂದು ಕೂಗುತ್ತಾನೆ.