ಕರಾವಳಿಯಲ್ಲಿ ಟೊಮೇಟೊ ಸಸಿಮಡಿ: ಸೂರಿನಡಿ ಬೀಜ ಬಿತ್ತಲು ಸೂಕ್ತ ಕಾಲ

ಶೀತ ದೇಶಗಳಲ್ಲಿ ಹಿಮ ಬೀಳುವುದು ನಿಲ್ಲುವ ದಿನಕ್ಕೆ ಆರರಿಂದ ಎಂಟು ವಾರ ಮೊದಲು ಟೊಮೇಟೊ ಬೀಜವನ್ನು ಮನೆಯೊಳಗೆ ಬಿತ್ತಿ, ಸಸಿಗಳನ್ನು ಬೆಳೆಸಿ, ಅನಂತರ ಹೊರಗೆ ನಾಟಿ ಮಾಡುವ ಪದ್ಧತಿಯಿದೆ. ಉಡುಪಿ, ಕಾಪು, ಕಾರ್ಕಳ ಭಾಗಗಳಲ್ಲಿ ಹಿಮದ ಭಯವಿಲ್ಲ. ಆದರೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಈ ಪ್ರದೇಶದಲ್ಲಿ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವುದರಿಂದ, ಎಳೆಯ ಸಸಿಗೆ ಇಲ್ಲಿಯೂ ಸೂರು ಅವಶ್ಯವಾಗಿದೆ.

ಬಿತ್ತನೆಯ ದಿನವನ್ನು ನಿರ್ಧರಿಸುವಾಗ ಹೂವು ಬಿಡುವ ಕಾಲದಿಂದ ಹಿಂದಕ್ಕೆ ಲೆಕ್ಕ ಹಾಕುವುದು ಸೂಕ್ತ. ರಾತ್ರಿಯ ಉಷ್ಣಾಂಶ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದಾಗ ಟೊಮೇಟೊದಲ್ಲಿ ಕಾಯಿ ಚೆನ್ನಾಗಿ ಕಚ್ಚುತ್ತದೆ. ರಾತ್ರಿ ಸೆಕೆ ಹೆಚ್ಚಿದಂತೆ ಹೂವು ಉದುರುತ್ತದೆ. ಕರಾವಳಿಯಲ್ಲಿ ಇದಕ್ಕೆ ಸಮೀಪದ ತಂಪು ದೊರೆಯುವುದು ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಮಾತ್ರ. ನಾಟಿಯಾದ ಸುಮಾರು 30 ದಿನಗಳಲ್ಲಿ ಹೂವು ಬರುವುದರಿಂದ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮಧ್ಯದೊಳಗೆ ನಾಟಿ ಮುಗಿದಿರಬೇಕು. ಸಸಿಗೆ 25ರಿಂದ 30 ದಿನ ಬೇಕಾಗುವುದರಿಂದ ಬಿತ್ತನೆಗೆ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮಧ್ಯದವರೆಗಿನ ಮೂರು ವಾರಗಳು ಸಿಗುತ್ತವೆ. ಏಣೆಲು ಭತ್ತದ ಕೊಯ್ಲು ಮುಗಿದು ಗದ್ದೆ ತೆರವಾಗುವುದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ.

ಅನೇಕರು ಚೌತಿ ಹಬ್ಬವನ್ನು ಗುರುತಾಗಿಟ್ಟುಕೊಂಡು ಬೀಜ ಹಾಕುವುದುಂಟು. ಚೌತಿಯು 2023ರಲ್ಲಿ ಸೆಪ್ಟೆಂಬರ್ ಮೂರನೆಯ ವಾರದಲ್ಲಿ ಬಂದಿದ್ದರೆ 2025ರಲ್ಲಿ ಆಗಸ್ಟ್ 27ರಂದೇ ಬಂದಿತ್ತು. ಆಗಸ್ಟ್‌ನಲ್ಲಿ ಬಿತ್ತಿದ ಸಸಿ ಮೋಡದ ಮಬ್ಬಿನಲ್ಲಿ ಸೊಟ್ಟಗೆ ಉದ್ದವಾಗಿ ಬೆಳೆದು, ಬುಡ ಕೊಳೆತು ಬೀಳುವುದೇ ಹೆಚ್ಚು. ಕೆಮ್ಮಣ್ಣು, ಕಲ್ಯಾಣಪುರ ಭಾಗದ ಕ್ರೈಸ್ತ ಬಾಂಧವರ ತೆನೆಹಬ್ಬವು ಪ್ರತಿ ವರ್ಷ ಸೆಪ್ಟೆಂಬರ್ 8ರಂದೇ ಬರುತ್ತದೆ. ದಿನಗಳ ಲೆಕ್ಕಕ್ಕೆ ಅದು ಹೆಚ್ಚು ಅನುಕೂಲ: ತೆನೆಹಬ್ಬ ಕಳೆದು ಎರಡು ವಾರಕ್ಕೆ ಸಸಿಮಡಿಯ ಕೆಲಸ ಆರಂಭಿಸಬಹುದು.

ತಡವಾದರೂ ನಷ್ಟವೇ. ಡಿಸೆಂಬರ್‌ನಲ್ಲಿ ಬಿತ್ತಿದರೆ ಹೂವು ಬಿಡುವ ವೇಳೆಗೆ ಫೆಬ್ರವರಿ ಬಂದಿರುತ್ತದೆ. ಸೆಕೆಯ ಜೊತೆಗೆ ಬಿಳಿ ನೊಣದ ಬಾಧೆಯೂ ಹೆಚ್ಚುತ್ತದೆ. ಸ್ವರ್ಣಾ ನದಿಯ ಅಳಿವೆಗೆ ಹತ್ತಿರವಿರುವ ತೋಟಗಳಲ್ಲಿ ಬೇಸಿಗೆಯಲ್ಲಿ ನೀರು ಉಪ್ಪಾಗುವ ತೊಂದರೆಯೂ ಇರುವುದರಿಂದ ಅಂತಹ ಕಡೆ ಮಾರ್ಚ್‌ಗೆ ಮೊದಲೇ ಬೆಳೆ ಮುಗಿಯುವುದು ಒಳ್ಳೆಯದು.

ಸಸಿ ಬೆಳೆಸಲು ಹಸಿರುಮನೆಯೇ ಬೇಕೆಂದಿಲ್ಲ. ಮನೆಬಳಕೆಗೆ ಜಗಲಿಯ ಅಂಚು ಅಥವಾ ಬಿದಿರಿನ ಕಮಾನಿಗೆ ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿದ ಚಪ್ಪರ ಸಾಕು. ಮಳೆ ತಾಗಬಾರದು, ಬೆಳಕು ಮಾತ್ರ ಧಾರಾಳವಾಗಿರಬೇಕು. 98 ಗುಳಿಗಳ ಪ್ರೋಟ್ರೇಗೆ ಹದವಾದ ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೊಂದರಂತೆ ಬೀಜವನ್ನು ಅರ್ಧ ಸೆಂ.ಮೀ. ಆಳದಲ್ಲಿ ಹಾಕಿ ಮುಚ್ಚಬೇಕು. ಐದರಿಂದ ಎಂಟು ದಿನಗಳಲ್ಲಿ ಮೊಳಕೆ ಕಾಣುತ್ತದೆ. ಮೊಳಕೆ ಕಂಡ ದಿನವೇ ಟ್ರೇಯನ್ನು ಬೆಳಕಿಗೆ ತರಬೇಕು. ಒಂದು ದಿನ ತಡವಾದರೂ ಸಸಿ ಬೆಳ್ಳಗೆ ನೀಳವಾಗುತ್ತದೆ. ಬುಡ ಕೊಳೆಯುವ ಲಕ್ಷಣ ಕಂಡಲ್ಲಿ ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಸುರಿಯಬೇಕು. ನಾಟಿಗೆ ಒಂದು ವಾರ ಮೊದಲು ನೀರನ್ನು ಕಡಿಮೆ ಮಾಡಿ, ದಿನಕ್ಕಿಷ್ಟು ಹೊತ್ತು ಬಿಸಿಲಿಗಿಟ್ಟು ಸಸಿಯನ್ನು ಗಟ್ಟಿಗೊಳಿಸಬೇಕು.

ಇಷ್ಟೆಲ್ಲ ಶ್ರಮ ಪಡುವುದಕ್ಕಿಂತ ಸಸಿ ಕೊಂಡು ತರುವುದು ಸುಲಭವಲ್ಲವೇ ಎಂಬ ಪ್ರಶ್ನೆ ಸಹಜ. ಕರಾವಳಿಯ ಹುಳಿಮಣ್ಣಿನಲ್ಲಿ ಟೊಮೇಟೊ ಬೆಳೆಯನ್ನು ಸೋಲಿಸುವುದು ಮುಖ್ಯವಾಗಿ ದುಂಡಾಣು ಸೊರಗು ರೋಗ. ಕಾಯಿ ಕಚ್ಚುವ ಹಂತದಲ್ಲಿ ಹಸಿರಾಗಿದ್ದ ಗಿಡ ಎರಡು ಮೂರು ದಿನಗಳಲ್ಲಿ ಬಾಡಿ ನಿಲ್ಲುತ್ತದೆ. ನೀರೆರೆದರೂ ಚೇತರಿಸುವುದಿಲ್ಲ, ಔಷಧಿಯಿಂದ ಗುಣವಾಗುವುದೂ ಇಲ್ಲ. ಅಂತಹ ಗಿಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿದರೆ ಹಾಲಿನಂತಹ ಬಿಳಿ ಎಳೆ ಇಳಿಯುವುದನ್ನು ಕಾಣಬಹುದು. ರೋಗವಿರುವ ಮಣ್ಣಿನಲ್ಲಿ ಬೆಳೆಸಿದ ಸಸಿಯ ಬೇರಿನೊಡನೆ ಈ ರೋಗ ಹೊಸ ತೋಟಕ್ಕೂ ಬರುತ್ತದೆ, ಬಂದ ಮೇಲೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮೂಲ ತಿಳಿಯದ ಸಸಿಯಿಂದ ಉಳಿಯುವ ಹಣ ಬಹಳ ಸ್ವಲ್ಪ, ಕಳೆದುಕೊಳ್ಳುವುದು ಜಾಗವನ್ನೇ.

ಆದ್ದರಿಂದ ತಳಿಯ ಆಯ್ಕೆಯೂ ಕಾಲದಷ್ಟೇ ಮುಖ್ಯ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಸಂಕರಣ ತಳಿಯು ದುಂಡಾಣು ಸೊರಗು, ಎಲೆ ಮುಟುರು ಮತ್ತು ಅಂಗಮಾರಿ ರೋಗಗಳಿಗೆ ನಿರೋಧಕ ಶಕ್ತಿ ಹೊಂದಿದೆ. ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ ಮತ್ತು ಅನಘ ತಳಿಗಳೂ ಸೊರಗು ರೋಗವನ್ನು ತಡೆಯುತ್ತವೆ. ಆದಾಗ್ಯೂ ಬದನೆ, ಮೆಣಸು ಅಥವಾ ಟೊಮೇಟೊ ಸೊರಗಿದ್ದ ಜಾಗದಲ್ಲಿ ನಾಟಿ ಮಾಡಬಾರದು. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಮಟ್ಟುಗುಳ್ಳವೂ ಬದನೆಯೇ ಆಗಿರುವುದರಿಂದ ಮಟ್ಟು ಸುತ್ತಮುತ್ತಲಿನ ಬೆಳೆಗಾರರು ಇದನ್ನು ವಿಶೇಷವಾಗಿ ಗಮನಿಸಬೇಕು. ಮಳೆಗಾಲವಿಡೀ ನೀರು ನಿಂತಿದ್ದ ಭತ್ತದ ಗದ್ದೆಯಲ್ಲಿ ರೋಗದ ಪ್ರಮಾಣ ಕಡಿಮೆಯಿರುತ್ತದೆ. ಏರುಮಡಿ ಮಾಡಿ, ಮಣ್ಣು ಪರೀಕ್ಷಾ ವರದಿಯಂತೆ ಎರಡು ಮೂರು ವಾರ ಮೊದಲೇ ಸುಣ್ಣ ಸೇರಿಸಿ ನಾಟಿ ಮಾಡಬಹುದು. ನಾಟಿಯನ್ನು ಸಂಜೆ ಹೊತ್ತು ಮಾಡುವುದು ಉತ್ತಮ.

ತಳಿಗಳ ಬೀಜ ಹಾಗೂ ಮಣ್ಣು ಪರೀಕ್ಷೆಯ ಬಗ್ಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿ ಆಗಸ್ಟ್ ತಿಂಗಳಲ್ಲಿಯೇ ವಿಚಾರಿಸಲು ಕೋರಲಾಗಿದೆ.