ಬದುವಿನ ಬನ್ನಿ

ದಸರೆಯ ಸಂಜೆ ಹಿರಿಯರ ಕೈಗೆ ಬನ್ನಿ ಕೊಟ್ಟು ಕಾಲಿಗೆರಗುವುದು ನಮ್ಮ ಜತ್ತ ಭಾಗದ ಕನ್ನಡಿಗರ ವಾಡಿಕೆ. "ಬನ್ನಿ ತೊಗೊಂಡು ಬಂಗಾರದ್ಹಾಂಗ ಇರೋಣು" ಎನ್ನುತ್ತೇವೆ. ಆದರೆ ಕಳೆದ ದಸರೆಯಲ್ಲಿ ಒಂದು ಹಿಡಿ ಎಲೆಗಾಗಿ ನಮ್ಮ ಮಕ್ಕಳು ಪಕ್ಕದ ಊರಿಗೆ ಹೋಗಬೇಕಾಯಿತು. ಅಲ್ಲಿ ಸಿಕ್ಕ ಒಂದೇ ಗಿಡವನ್ನೂ ಎಲ್ಲರೂ ಕೂಡಿ ಬೋಳು ಮಾಡಿದೆವು. ಬಂಗಾರವೆಂದು ಕರೆದದ್ದನ್ನು ನಾವು ಕಾಯುವ ರೀತಿ ಇದೇ ಏನು?

ಬನ್ನಿ, ಬೇವು, ಜಾಲಿ ಇವು ನಮ್ಮ ಒಣ ಬೇಸಾಯದ ನೆಲಕ್ಕೆ ಒಗ್ಗಿದ ಗಿಡಗಳು. ಬನ್ನಿಯ ಬೇರು ಬಹಳ ಆಳಕ್ಕಿಳಿದು ನೀರು ಹುಡುಕುತ್ತದೆ. ಆದ್ದರಿಂದಲೇ ಬರಗಾಲದಲ್ಲಿಯೂ ಅದು ಹಸಿರಾಗಿರುತ್ತದೆ. ಅದರ ಎಲೆ ಆಡು ಕುರಿಗಳಿಗೆ ಮೇವು. ಉದುರಿದರೆ ಹೊಲಕ್ಕೆ ಗೊಬ್ಬರ.

ಗಿಡ ಬೇಕಾದರೆ ಸಸಿ ನೆಡಬೇಕು, ಬೇರೆ ದಾರಿಯಿಲ್ಲವೆಂದು ನಾವೂ ತಿಳಿದಿದ್ದೆವು. ವನಮಹೋತ್ಸವದಲ್ಲಿ ನೆಟ್ಟ ಸಸಿಗಳು ಬೇಸಿಗೆಗೆ ಒಣಗಿದವು. ಮರುವರ್ಷ ಅದೇ ಕುಣಿಯಲ್ಲಿ ಮತ್ತೆ ನೆಟ್ಟೆವು. ಶಾಲೆಯ ಹಿಂದಿನ ಬದುವಿನಲ್ಲಿ ಕಡಿದ ಬನ್ನಿಯ ಬೊಡ್ಡೆ ಮಾತ್ರ, ಯಾರೂ ನೀರು ಹಾಕದಿದ್ದರೂ, ವರ್ಷವರ್ಷ ಚಿಗುರುತ್ತಲೇ ಇತ್ತು. ಗಿಡ ಕಡಿದರೂ ಬೇರು ಬದುಕಿತ್ತು.

ಆಫ್ರಿಕಾದ ನೈಜರ್ ದೇಶವೂ ನಮ್ಮಂತೆಯೇ ಮಳೆಗೆ ಕಾಯುವ ನಾಡು. ಅಲ್ಲಿ 1980ರ ದಶಕದಲ್ಲಿ ಟೋನಿ ರಿನಾಡೊ ಎಂಬವರು ರೈತರೊಡನೆ ಸೇರಿ ಇಂಥ ಬೊಡ್ಡೆಗಳನ್ನೇ ಕಾಯಲು ತೊಡಗಿದರು. ಮುಂದೆ ಸುಮಾರು 50 ಲಕ್ಷ ಹೆಕ್ಟೇರ್ ಭೂಮಿಯಲ್ಲಿ ಗಿಡಗಳು ಮರಳಿ ಬಂದವು.

ಕೆಲಸ ಕಠಿಣವಲ್ಲ. ಮೊದಲು ಹೊಲದವರ ಒಪ್ಪಿಗೆ ಪಡೆಯಬೇಕು. ಬದು ಇಬ್ಬರ ನಡುವಿನದಾದರೆ ಇಬ್ಬರನ್ನೂ ಕೇಳಬೇಕು. ಬೊಡ್ಡೆಯ ಚಿಗುರುಗಳಲ್ಲಿ ನೆಟ್ಟಗಿರುವ, ಗಟ್ಟಿಯಾದ ಎರಡು ಮೂರನ್ನು ಉಳಿಸಿ, ಮಿಕ್ಕವನ್ನು ಹರಿತವಾದ ಕುಡಗೋಲಿನಿಂದ ಕೊಯ್ಯಬೇಕು. ಸುತ್ತಲೂ ಮುಳ್ಳು ಹಚ್ಚಿ ಆಡುಗಳಿಂದ ಕಾಯಬೇಕು. ಕಸ ಸುಡುವಾಗ ಬೆಂಕಿ ಅತ್ತ ಹೋಗದಂತೆ ನೋಡಬೇಕು. ಮುಂದೆ ವರ್ಷಕ್ಕೊಮ್ಮೆ ಕೆಳಗಿನ ಟೊಂಗೆಗಳನ್ನಷ್ಟೇ ಸವರಬೇಕು.

"ನೆರಳಿಗೆ ಜೋಳ ಸೊರಗುವುದಲ್ಲವೇ?" ಎಂದು ಪಾಲಕರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ದಟ್ಟ ನೆರಳಿನಲ್ಲಿ ಒಂದೆರಡು ಸಾಲು ಸೊರಗಬಹುದು. ಹಿಂಗಾರಿ ಬಿತ್ತನೆಗೆ ಮುಂಚೆ ಟೊಂಗೆ ಸವರಿದರೆ ಬಿಸಿಲೂ ಬೀಳುತ್ತದೆ, ಮೇವು ಉರುವಲುಗಳೂ ದೊರೆಯುತ್ತವೆ. ಅವೆಲ್ಲ ಹೊಲದವರಿಗೇ ಸೇರಿದ್ದು; ನಮ್ಮದು ಸೇವೆ ಮಾತ್ರ.

ಈ ವರ್ಷ ಒಂಬತ್ತನೆಯ ವರ್ಗದ ಮಕ್ಕಳೊಂದಿಗೆ, ಶನಿವಾರದ ಬೆಳಗಿನ ಶಾಲೆ ಮುಗಿದ ಮೇಲೆ, 14 ಬೊಡ್ಡೆಗಳಿಗೆ ಮುಳ್ಳು ಹಚ್ಚಿದೆವು. ಐದನ್ನು ಆಡುಗಳು ತಿಂದವು. ಒಂಬತ್ತು ಉಳಿದಿವೆ, ಕೆಲವು ಮಕ್ಕಳ ಎದೆಯೆತ್ತರಕ್ಕೆ ಬಂದಿವೆ.

ವಿದ್ಯಾರ್ಥಿಗಳೇ, ರಜೆಯಲ್ಲಿ ನಿಮ್ಮ ಹೊಲದ ಬದುವಿನ ಮೇಲೆ ಒಮ್ಮೆ ನಡೆದುಬನ್ನಿರಿ. ಚಿಗುರಿದ ಬೊಡ್ಡೆ ಕಂಡರೆ ಅಪ್ಪನಿಗೋ ಅಜ್ಜನಿಗೋ ತೋರಿಸಿರಿ. ಬರುವ ದಸರೆಗೆ ಟೊಂಗೆ ಮುರಿಯದೆ, ನಾಲ್ಕೇ ಎಲೆ ತನ್ನಿರಿ. ನಾಲ್ಕು ಎಲೆಯಾದರೂ ಅದು ಬಂಗಾರವೇ.