ಹೊನ್ನಿನ ಕಣ್ಣಿಗೆ ಬೀಳದ ಸಿರಿ

ಕ್ರಿ. ಶ. 1859ರ ಬೇಸಗೆ. ಅಮೆರಿಕದ ಪಶ್ಚಿಮ ಭಾಗದಲ್ಲಿ, ಇಂದು ನೆವಾಡ ಎನಿಸಿಕೊಂಡಿರುವ ಸೀಮೆಯ ಬೋಳು ಬೆಟ್ಟವೊಂದರ ಮಗ್ಗುಲಲ್ಲಿ, ಪೀಟರ್ ಒರೈಲಿ ಮತ್ತು ಪ್ಯಾಟ್ರಿಕ್ ಮ್ಯಾಕ್ಲಾಫ್ಲಿನ್ ಎಂಬ ಇಬ್ಬರು ಐರಿಷರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು. ನೀರು ನಿಲ್ಲಲೆಂದು ಅವರು ತೋಡಿದ ಗುಂಡಿಯೇ ಚಿನ್ನದ ಕಣಗಳ ನೆಲೆಯಾಗಿತ್ತು. ಸುದ್ದಿ ತಿಳಿದು ಅಲ್ಲಿಗೆ ಬಂದ ಹೆನ್ರಿ ಕಾಮ್‌ಸ್ಟಾಕ್ ಎಂಬ ಮಾತಿನ ಮಲ್ಲನು ಆ ನೆಲವೂ ತನ್ನದು, ಅಲ್ಲಿಯ ನೀರೂ ತನ್ನದು ಎಂದು ವಾದ ಹೂಡಿ ತಾನೂ ಪಾಲುಗಾರನಾದ.

ಚಿನ್ನವೇನೋ ಸಿಗುತ್ತಿತ್ತು, ಆದರೆ ಅದರೊಂದಿಗೆ ಒಂದು ಪೀಡೆಯೂ ಅಂಟಿಕೊಂಡಿತ್ತು. ನೀಲಿಗಪ್ಪು ಬಣ್ಣದ, ತೂಕವಾದ ಕೆಸರೊಂದು ಮಣ್ಣು ಜಾಲಿಸುವ ಮರದ ತೊಟ್ಟಿಲುಗಳಲ್ಲಿ ಕಟ್ಟಿಕೊಂಡು ಕೆಲಸ ಕೆಡಿಸುತ್ತಿತ್ತು. ಗಣಿಗಾರರು ಅದನ್ನು ಶಪಿಸುತ್ತ ಸಲಿಕೆಯಿಂದ ಎತ್ತಿ ಇಳಿಜಾರಿಗೆ ಎಸೆಯುತ್ತಿದ್ದರು. ಯಾರೋ ಒಬ್ಬರಿಗೆ ಕುತೂಹಲ ಹುಟ್ಟಿ, ಆ ಕೆಸರಿನ ಕೆಲವು ಹೆಂಟೆಗಳು ಬೆಟ್ಟಸಾಲಿನಾಚೆಯ ಕ್ಯಾಲಿಫೋರ್ನಿಯಕ್ಕೆ ಹೋದುವು. ಅಲ್ಲಿಯ ಲೋಹಪರೀಕ್ಷಕರು ತಮ್ಮ ಲೆಕ್ಕವನ್ನು ತಾವೇ ನಂಬಲಾರದೆ ಹೋದರು. ಕೆಸರಿನಲ್ಲಿ ಚಿನ್ನವಿತ್ತು, ನಿಜ. ಆದರೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಲೆಯ ಬೆಳ್ಳಿಯಿತ್ತು! ಒಂದು ಟನ್ನಿನ ಬೆಲೆ ಮೂರು ಸಾವಿರ ಡಾಲರಿಗೂ ಮಿಕ್ಕು. ಮುಂದಿನ ಎರಡು ದಶಕಗಳಲ್ಲಿ ಆ ಬೆಟ್ಟ ಕೊಟ್ಟ ಬೆಳ್ಳಿ ಬಂಗಾರಗಳ ಮೌಲ್ಯ ಸುಮಾರು ಮೂವತ್ತು ಕೋಟಿ ಡಾಲರು.

ಆ ಸಿರಿ ಅದನ್ನು ಮೊದಲು ಅಗೆದವರ ಪಾಲಿಗೆ ಬಂದಿತೆ? ಮ್ಯಾಕ್ಲಾಫ್ಲಿನ್ ತನ್ನ ಪಾಲನ್ನು 3,500 ಡಾಲರಿಗೆ ಮಾರಿದ. ಕಾಮ್‌ಸ್ಟಾಕನಿಗೆ ಬಂದದ್ದು ಹತ್ತು ಹನ್ನೊಂದು ಸಾವಿರ. ಅವನ ಹೆಸರು ಗಣಿಗೆ ಶಾಶ್ವತವಾಗಿ ಉಳಿಯಿತು. ಅವನು ಮಾತ್ರ ಕೈಬರಿದಾಗಿ ಅಲೆದು, 1870ರಲ್ಲಿ ತನ್ನ ಪಿಸ್ತೂಲಿಗೆ ತಾನೇ ಬಲಿಯಾದ.

ಇದಕ್ಕಿಂತಲೂ ಕರುಣಾಜನಕವಾದುದು ಗ್ರಾಷ್ ಸೋದರರ ಕಥೆ. ಈಥನ್ ಅಲೆನ್ ಮತ್ತು ಹೊಸಿಯ ಎಂಬ ಈ ಅಣ್ಣತಮ್ಮಂದಿರು ಪಾದ್ರಿಯೊಬ್ಬನ ಮಕ್ಕಳು, ಓದಿದವರು. ಎಲ್ಲರೂ ಚಿನ್ನ ಚಿನ್ನ ಎಂದು ಹಲುಬುತ್ತಿದ್ದಾಗ, ಆ ಸೀಮೆಯಲ್ಲಿ ಬೆಳ್ಳಿಯಿದೆಯೆಂದು ಗುರುತಿಸಿ ಊರಿನಲ್ಲಿದ್ದ ತಂದೆಗೆ ಕಾಗದ ಬರೆದವರು ಇವರು. 1857ರಲ್ಲಿ ಹೊಸಿಯನ ಕಾಲಿಗೆ ಗುದ್ದಲಿಯೇಟು ತಗಲಿ, ಗಾಯ ವಿಷವೇರಿ, ಅವನು ಸೆಪ್ಟೆಂಬರಿನಲ್ಲಿ ತೀರಿಕೊಂಡ. ಉಳಿದವನು ಚಳಿಗಾಲದಲ್ಲಿ ಸಿಯೆರ ಪರ್ವತಗಳನ್ನು ದಾಟಲು ಹೊರಟು, ಹಿಮದಲ್ಲಿ ಸಿಲುಕಿ, ಅದೇ ಡಿಸೆಂಬರಿನಲ್ಲಿ ಸತ್ತ. ಕಣ್ಣಿದ್ದವರು ಕಣ್ಮುಚ್ಚಿದರು. ಎರಡು ವರ್ಷಗಳ ಮೇಲೆ ಬಂದವರು ಬೆಳ್ಳಿಯನ್ನು ಕೆಸರೆಂದು ಎಸೆಯುತ್ತ ನಿಂತರು.

ಬೋಗುಣಿಯ ನ್ಯಾಯ

'ಬೆಳ್ಳಗಿರುವುದೆಲ್ಲ ಹಾಲಲ್ಲ' ಎಂಬ ಗಾದೆ ಎಲ್ಲರಿಗೂ ಗೊತ್ತು. ಹೊಳೆಯುವ ಗಂಧಕದ ಕಬ್ಬಿಣದದುರನ್ನು ಬಂಗಾರವೆಂದು ನಂಬಿ ಮೋಸಹೋದವರ ಕಥೆಗಳಿಗೆ ಲೆಕ್ಕವಿಲ್ಲ. ಆದರೆ ಹಾಲೆಲ್ಲವೂ ಬೆಳ್ಳಗೆ ಕಾಣುವುದಿಲ್ಲವೆಂಬ ಇನ್ನೊಂದು ಸತ್ಯವನ್ನು ಚಿನ್ನದ ಬೇಟೆಗಾರರು ಮತ್ತೆ ಮತ್ತೆ ಮರೆತಿದ್ದಾರೆ.

ವಿಚಿತ್ರವೆಂದರೆ, ಅವರ ಕೈಯ ಉಪಕರಣ ಇದನ್ನು ಎಂದೂ ಮರೆತಿಲ್ಲ. ಕನ್ನಡನಾಡಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಜಲಗಾರರು ಮರದ ಮರಿಗೆಯಲ್ಲಿ ಮರಳು ಜಾಲಿಸಿ ಚಿನ್ನ ಆಯುತ್ತಿದ್ದರು. ಕ್ಯಾಲಿಫೋರ್ನಿಯದವರು ಅದೇ ಕೆಲಸವನ್ನು ಕಬ್ಬಿಣದ ಬೋಗುಣಿಯಲ್ಲಿ ಮಾಡಿದರು. ಎರಡರ ನ್ಯಾಯವೂ ಒಂದೇ: ನೀರಿನಲ್ಲಿ ಅಲ್ಲಾಡಿಸಿದರೆ ಹಗುರವಾದುದು ಕೊಚ್ಚಿಹೋಗುತ್ತದೆ, ಭಾರವಾದುದು ತಳದಲ್ಲಿ ಉಳಿಯುತ್ತದೆ. ಸಾಮಾನ್ಯ ಬೆಣಚುಕಲ್ಲು ನೀರಿಗಿಂತ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ತೂಕ. ಚಿನ್ನ ಹತ್ತೊಂಬತ್ತು ಪಟ್ಟು. ಆದರೆ ಈ ಎರಡರ ನಡುವೆ ಎಷ್ಟೊಂದು ವಸ್ತುಗಳಿವೆ! ನೀಲಮಣಿ ನಾಲ್ಕು ಪಟ್ಟು, ಟಂಗ್‌ಸ್ಟನ್ನಿನ ಅದುರಾದ ಷೀಲೈಟ್ ಆರು ಪಟ್ಟು, ತವರದ ಅದುರು ಸುಮಾರು ಏಳು ಪಟ್ಟು ಭಾರ. ಇವೆಲ್ಲವೂ ಚಿನ್ನದೊಡನೆಯೇ ತಳಕ್ಕೆ ಇಳಿಯುತ್ತವೆ. ಬೋಗುಣಿ ಇವನ್ನು ನಿಷ್ಪಕ್ಷಪಾತವಾಗಿ ಕೂಡಿಹಾಕುತ್ತದೆ. ಮನುಷ್ಯ ಹಳದಿಯ ಚುಕ್ಕೆಗಳನ್ನು ಮಾತ್ರ ಆರಿಸಿಕೊಂಡು ಉಳಿದ 'ಕರಿಮರಳನ್ನು' ಹೊಳೆಗೆ ಸುರಿಯುತ್ತಾನೆ. ತಪ್ಪು ಬೋಗುಣಿಯದಲ್ಲ, ಕಣ್ಣಿನದು.

ಹೊಳೆಯ ಪಾಲಾದ 'ಪುಟ್ಟ ಬೆಳ್ಳಿ'

ಚಿನ್ನಕ್ಕಿಂತಲೂ ಭಾರವಾದ ಲೋಹವನ್ನೇ ಎಸೆದವರೂ ಉಂಟು. ದಕ್ಷಿಣ ಅಮೆರಿಕದಲ್ಲಿ ಇಂದಿನ ಕೊಲಂಬಿಯಕ್ಕೆ ಸೇರಿದ ಚೋಕೋ ಎಂಬ ಮಳೆಕಾಡಿನ ಪ್ರಾಂತ ಆಗ ಸ್ಪೇನಿನ ವಶದಲ್ಲಿತ್ತು. ಅಲ್ಲಿಯ ಹೊಳೆಗಳಲ್ಲಿ ಆಫ್ರಿಕದ ಗುಲಾಮರು ತೊಳೆದು ತೆಗೆದ ಚಿನ್ನದಲ್ಲಿ ಬೆಳ್ಳನೆಯ ಕಣಗಳು ಬೆರೆತಿರುತ್ತಿದ್ದುವು. ಒಲೆಯ ಬೆಂಕಿಗೆ ಅವು ಕರಗವು, ಪಾದರಸಕ್ಕೂ ಅಂಟವು. ಕೈಯಿಂದ ಆರಿಸಿ ಬೇರ್ಪಡಿಸುವುದೇ ಒಂದು ಶಿಕ್ಷೆ. ಸ್ಪೇನಿನವರು ತಾತ್ಸಾರದಿಂದ ಅದಕ್ಕೆ 'ಪ್ಲಾಟಿನ', ಎಂದರೆ 'ಪುಟ್ಟ ಬೆಳ್ಳಿ', ಎಂದು ಹೆಸರಿಟ್ಟರು.

ತಾತ್ಸಾರದ ಬೆನ್ನಿಗೇ ಭಯವೂ ಹುಟ್ಟಿತು. ತೂಕದಲ್ಲಿ ಚಿನ್ನಕ್ಕೆ ಸಮೀಪವಾದ ಈ ಲೋಹವನ್ನು ಚಿನ್ನದಲ್ಲಿ ಕಲಬೆರಕೆ ಮಾಡಿದರೆ ಕಂಡುಹಿಡಿಯುವುದು ಕಷ್ಟ. ಆದ್ದರಿಂದ 18ನೆಯ ಶತಮಾನದಲ್ಲಿ ಅಧಿಕಾರಿಗಳು ಅದನ್ನು ವಶಪಡಿಸಿಕೊಂಡು ಹೊಳೆಗೆ ಎಸೆಯಿಸಿದರು. 1748ರಲ್ಲಿ ಆಂಟೋನಿಯೋ ದೆ ಉಲ್ಯೋವಾ ಎಂಬ ಸ್ಪೇನಿನ ವಿದ್ವಾಂಸ ತನ್ನ ಪ್ರವಾಸಗ್ರಂಥದಲ್ಲಿ ಇದನ್ನು ಪ್ರಸ್ತಾಪಿಸಿದ ಮೇಲೆ ಯೂರೋಪಿನ ರಸಾಯನಶಾಸ್ತ್ರಜ್ಞರ ಗಮನ ಇತ್ತ ಹರಿಯಿತು. ಪ್ಲಾಟಿನಂ ಕರಗಬೇಕಾದರೆ 1,768 ಡಿಗ್ರಿ ಸೆಂಟಿಗ್ರೇಡಿನ ಶಾಖ ಬೇಕು. ಅನೇಕ ಆಮ್ಲಗಳು ಅದನ್ನು ಮುಟ್ಟಲಾರವು. ಯಾವ ಗುಣಗಳಿಗಾಗಿ ಅದನ್ನು ಹೊಳೆಗೆ ಎಸೆದರೋ ಅದೇ ಗುಣಗಳಿಗಾಗಿ ಮುಂದೆ ಪ್ರಯೋಗಶಾಲೆಗಳು ಅದನ್ನು ಬಯಸಿದುವು. 20ನೆಯ ಶತಮಾನದ ಬಹುಭಾಗ ಈ 'ಪುಟ್ಟ ಬೆಳ್ಳಿ'ಯ ಬೆಲೆ ಚಿನ್ನದ ಬೆಲೆಯನ್ನು ಮೀರಿಸಿತ್ತು.

ಅಂಗಡಿಯವನ ಅದೃಷ್ಟ

ಕಾಮ್‌ಸ್ಟಾಕ್ ಗಣಿಯ ಪಾಠವನ್ನು ಜನ ಕಲಿತರೆಂದು ಭಾವಿಸುವುದು ಸಹಜ. ಕೊಲರಾಡೊ ಪ್ರಾಂತದ ಕಥೆ ಬೇರೆಯೇ ಹೇಳುತ್ತದೆ. 1860ರಲ್ಲಿ ಅಲ್ಲಿಯ ಎತ್ತರದ ಕಣಿವೆಯೊಂದರಲ್ಲಿ ಚಿನ್ನ ಸಿಕ್ಕಿತು. ಸಾವಿರಾರು ಜನ ನೆರೆದರು. ಕೆಲವೇ ವರ್ಷಗಳಲ್ಲಿ ಚಿನ್ನ ಬತ್ತಿತು, ಊರು ಬರಿದಾಯಿತು. ಹಲಗೆಯ ಕಾಲುವೆಗಳಲ್ಲಿ ಕಟ್ಟಿಕೊಳ್ಳುತ್ತಿದ್ದ ಭಾರವಾದ ಕರಿಮರಳನ್ನು ಆ ಸಾವಿರಾರು ಜನರೆಲ್ಲರೂ ಬೈದುಕೊಂಡೇ ಎತ್ತಿಹಾಕಿದ್ದರು. 1870ರ ದಶಕದ ನಡುಭಾಗದಲ್ಲಿ ವಿಲಿಯಂ ಸ್ಟೀವನ್ಸ್ ಮತ್ತು ಆಲ್ವಿನಸ್ ವುಡ್ ಎಂಬಿಬ್ಬರು ಅದನ್ನು ಪರೀಕ್ಷೆ ಮಾಡಿಸಿದರು. ಅದು ಬೆಳ್ಳಿ ಬೆರೆತ ಸೀಸದ ಅದುರು! ಇಬ್ಬರೂ ಬಾಯಿ ಬಿಡದೆ ನೆಲವನ್ನು ವಶಮಾಡಿಕೊಂಡರು. 1877ರ ಹೊತ್ತಿಗೆ ಅಲ್ಲಿ ಲೆಡ್‌ವಿಲ್, ಎಂದರೆ ಸೀಸದ ಊರು, ಎಂಬ ಪಟ್ಟಣವೇ ಎದ್ದಿತು.

ಹೊರೇಸ್ ಟೇಬರ್ ಎಂಬಾತ 1860ರಲ್ಲೇ ಹೆಂಡತಿ ಅಗಸ್ಟಳೊಡನೆ ಆ ಕಣಿವೆಗೆ ಚಿನ್ನ ಅರಸಿ ಬಂದವನು. ಚಿನ್ನ ಕೈಹಿಡಿಯಲಿಲ್ಲ, ದಿನಸಿ ಅಂಗಡಿಯಿಟ್ಟು, ಅಂಚೆಯ ಕೆಲಸ ನೋಡಿಕೊಂಡು ಬದುಕು ಸಾಗಿಸಿದ. 1878ರಲ್ಲಿ ಇಬ್ಬರು ಜರ್ಮನ್ ಅನ್ವೇಷಕರಿಗೆ ಸಿಕ್ಕಿದ್ದರಲ್ಲಿ ಮೂರನೆಯ ಒಂದು ಪಾಲಿನ ಕರಾರಿನ ಮೇಲೆ ಸ್ವಲ್ಪ ದಿನಸಿ ಸಾಲ ಕೊಟ್ಟ. ಅವರು ಅಗೆದಲ್ಲಿ ಬೆಳ್ಳಿ ಸಿಕ್ಕಿತು. ಮರುವರ್ಷ ಟೇಬರ್ ಆ ಪಾಲನ್ನು ಹತ್ತು ಲಕ್ಷ ಡಾಲರಿಗೆ ಮಾರಿದ. ಯಾವ ಮಣ್ಣಿನ ಮೇಲೆ ವರ್ಷಗಟ್ಟಲೆ ಓಡಾಡಿದ್ದನೋ ಅದೇ ಮಣ್ಣು ಅವನನ್ನು ಕುಬೇರನನ್ನಾಗಿ ಮಾಡಿತು. 'ಹಿತ್ತಲ ಗಿಡ ಮದ್ದಲ್ಲ' ಎಂಬ ಮಾತಿಗೆ ಇದಕ್ಕಿಂತ ಉದಾಹರಣೆ ಬೇಕೆ?

ಆದರೆ ಲಕ್ಷ್ಮಿ ಚಂಚಲೆ. ಸಿರಿ ಬಂದ ಮೇಲೆ ಟೇಬರ್ ಕಷ್ಟಸುಖಗಳಲ್ಲಿ ಜೊತೆಗಿದ್ದ ಅಗಸ್ಟಳನ್ನು ತೊರೆದು ಬೇರೊಬ್ಬಳ ಕೈಹಿಡಿದ. 1893ರಲ್ಲಿ ಬೆಳ್ಳಿಯ ಬೆಲೆ ಕುಸಿದು ಅವನ ಐಶ್ವರ್ಯವೆಲ್ಲ ಕರಗಿತು. ಕೊನೆಗೆ ಡೆನ್ವರ್ ನಗರದ ಪೋಸ್ಟ್‌ಮಾಸ್ಟರಾಗಿದ್ದು 1899ರಲ್ಲಿ ತೀರಿಕೊಂಡ. ಅಂಚೆಯ ಕೆಲಸದಿಂದ ಹೊರಟವನು ಅಂಚೆಯ ಕೆಲಸಕ್ಕೇ ಮರಳಿದ್ದ.

ಚಿನ್ನವೇ ವೇಷ ಮರೆಸಿದಾಗ

ಬೆಳ್ಳಿ, ಪ್ಲಾಟಿನಂಗಳ ಮಾತಿರಲಿ. ಚಿನ್ನವೇ ಬೇರೆ ರೂಪದಲ್ಲಿ ಬಂದರೆ ಚಿನ್ನದ ಬೇಟೆಗಾರನಿಗೆ ಗುರುತು ಸಿಕ್ಕದು. ಪಶ್ಚಿಮ ಆಸ್ಟ್ರೇಲಿಯದ ಕಾಲ್ಗೂರ್ಲಿಯಲ್ಲಿ 1893ರ ಜೂನಿನಲ್ಲಿ ಪ್ಯಾಟ್ರಿಕ್ ಹ್ಯಾನನ್ ಮತ್ತು ಅವನ ಇಬ್ಬರು ಸಂಗಡಿಗರಿಗೆ ಚಿನ್ನ ಸಿಕ್ಕಿತು. ಮೇಲಿನ ಮಣ್ಣಿನಲ್ಲಿ ಚಿನ್ನ ಚಿನ್ನವಾಗಿಯೇ ಇತ್ತು. ಆಳಕ್ಕೆ ಹೋದಂತೆ ಹಿತ್ತಾಳೆಯ ಬಣ್ಣದ ಅದುರು ಎದುರಾಯಿತು. ಇದು ಮೂಢರ ಚಿನ್ನವಷ್ಟೇ ಎಂದು ಜನ ಅದನ್ನು ಪಕ್ಕಕ್ಕೆ ಸುರಿದರು. 1896ರಲ್ಲಿ ನಿಜ ಹೊರಬಿದ್ದಿತು. ಅದರಲ್ಲಿ ಕ್ಯಾಲವೆರೈಟ್ ಎಂಬ ಖನಿಜ ಸೇರಿತ್ತು. ಚಿನ್ನವೂ ಟೆಲ್ಯೂರಿಯಂ ಎಂಬ ಮೂಲವಸ್ತುವೂ ಕೂಡಿ ಆದ ಆ ಖನಿಜದ ತೂಕದಲ್ಲಿ ಐದರಲ್ಲಿ ಎರಡು ಪಾಲು ಶುದ್ಧ ಚಿನ್ನವೇ. ಅಷ್ಟು ಹೊತ್ತಿಗೆ ಆ ಕಲ್ಲುಗಳು ರಸ್ತೆಯ ಗುಂಡಿಗಳನ್ನು ತುಂಬಲೂ ಮನೆಯ ಹೊಗೆಗೂಡುಗಳನ್ನು ಕಟ್ಟಲೂ ಬಳಕೆಯಾಗಿದ್ದುವೆಂದೂ, ಜನ ತಮ್ಮ ಬೀದಿಗಳನ್ನು ತಾವೇ ಅಗೆಯತೊಡಗಿದರೆಂದೂ ಆ ಊರಿನಲ್ಲಿ ಕಥೆ ಹೇಳುತ್ತಾರೆ. ಕಲ್ಲನ್ನು ಕಾಯಿಸಿದರೆ ಟೆಲ್ಯೂರಿಯಂ ಹೊಗೆಯಾಗಿ ಹೋಗಿ ಚಿನ್ನದ ಗುಂಡುಗಳು ಮೇಲೇಳುತ್ತವೆ. ಒಂದು ಒಲೆ, ಒಂದು ತುಣುಕು ಕಲ್ಲು, ಸ್ವಲ್ಪ ಸಂದೇಹ, ಬೇಕಾಗಿದ್ದುದು ಇಷ್ಟೆ.

ಕೋಲಾರದ ಬಿಳಿಯ ಕಲ್ಲು

ಕೆಲವು ಖನಿಜಗಳಿಗೆ ಕಾಲವೂ ಕೂಡಿಬರಬೇಕು. ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರ್ಯಾಂಡಿನಲ್ಲಿ ಚಿನ್ನದ ಗಣಿಗಳು ಆರಂಭವಾದುದು 1886ರಲ್ಲಿ. ಚಿನ್ನ ತೆಗೆದುಕೊಂಡು ದಿಬ್ಬಗಳಾಗಿ ಒಟ್ಟಿದ ಮರಳಿನಲ್ಲಿ ಯುರೇನಿಯಂ ಇತ್ತು. ಅಣುಯುಗ ಬಂದ ಮೇಲೆ, 1952ರಲ್ಲಿ, ಅದನ್ನು ಪ್ರತ್ಯೇಕಿಸುವ ಮೊದಲ ಕಾರ್ಖಾನೆ ಅಲ್ಲಿ ತೆರೆಯಿತು.

ಕೋಲಾರದ ಚಿನ್ನದ ಗಣಿಗಳಲ್ಲಿಯೂ ಇಂಥದೊಂದು ಅಡಗಿದ ಸಿರಿಯಿತ್ತು. 1880ರಲ್ಲಿ ಜಾನ್ ಟೇಲರ್ ಕಂಪೆನಿ ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಅಲ್ಲಿ ಎಲ್ಲರ ಲಕ್ಷ್ಯವೂ ಚಿನ್ನದ ಮೇಲೆ. ಅದೇ ಬೆಣಚುಕಲ್ಲಿನ ಎಳೆಗಳಲ್ಲಿ ಷೀಲೈಟ್ ಇತ್ತು. ನೋಟಕ್ಕೆ ಇದೂ ಬೆಣಚಿನಂತೆಯೇ ಬೆಳ್ಳಗೆ ಅಥವಾ ನಸುಹಳದಿ. ಕೈಗೆತ್ತಿಕೊಂಡರೆ ಮಾತ್ರ ತೂಕದಲ್ಲಿ ವ್ಯತ್ಯಾಸ ತಿಳಿಯುತ್ತದೆ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಷೀಲೈಟ್ ಬೆಳುದಿಂಗಳಿನಂಥ ನಸುನೀಲಿಯ ಬೆಳಕು ಸೂಸುತ್ತದೆ. ಇದರಿಂದ ದೊರೆಯುವ ಟಂಗ್‌ಸ್ಟನ್ 3,400 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಶಾಖದಲ್ಲಿ ಮಾತ್ರ ಕರಗುವ ಲೋಹ. ಹಿಂದೆ ಮನೆಮನೆಯ ವಿದ್ಯುದ್ದೀಪದ ತಂತಿ ಅದರದೇ ಆಗಿತ್ತು. ಉಕ್ಕನ್ನು ಕೊರೆಯುವ ಉಳಿಗಳಿಗೂ ಯುದ್ಧಸಾಮಗ್ರಿಗೂ ಅದು ಬೇಕೇ ಬೇಕು. ಗಣಿಯ ಕೊನೆಗಾಲದಲ್ಲಿ, ದಿಬ್ಬದ ಮರಳಿನಿಂದ ಷೀಲೈಟನ್ನು ಬೇರ್ಪಡಿಸುವ ಪ್ರಯತ್ನ ನಡೆಯಿತು. ಜನರು ಸಯನೈಡ್ ದಿಬ್ಬಗಳೆನ್ನುವ ಆ ಬಿಳಿಯ ಗುಡ್ಡಗಳು ಇಂದಿಗೂ ನಿಂತಿವೆ. ಗಾಳಿ ಬೀಸಿದಾಗ ಅವುಗಳ ಧೂಳು ಊರಿನ ಮನೆಗಳಿಗೆ ನುಗ್ಗುತ್ತದೆ.

ಸಿಗಾರಿನ ಡಬ್ಬಿ

ಕಣ್ಣು ತೆರೆದಿಟ್ಟವರೇ ಇಲ್ಲವೆಂದಲ್ಲ. ಅಮೆರಿಕದ ಮಾಂಟಾನ ಪ್ರಾಂತದ ಯೋಗೋ ಎಂಬ ಹಳ್ಳದಲ್ಲಿ 1895ರಲ್ಲಿ ಜೇಕ್ ಹೂವರ್ ಎಂಬಾತ ಪಾಲುಗಾರರೊಡನೆ ಚಿನ್ನ ತೊಳೆಯುತ್ತಿದ್ದ. ಕಾಲುವೆ ತೋಡಲು ಮಾಡಿದ ಖರ್ಚು ಅಪಾರ. ವರ್ಷವಿಡೀ ದುಡಿದು ಸಿಕ್ಕಿದ್ದು ಸುಮಾರು 700 ಡಾಲರಿನ ಚಿನ್ನ. ಆದರೆ ಹಲಗೆಯ ತಳದಲ್ಲಿ ನೀಲಿ ಹರಳುಗಳು ಸಿಕ್ಕಿಕೊಳ್ಳುತ್ತಿದ್ದುವು. ಹೂವರ್ ಅವನ್ನು ಎಸೆಯಲಿಲ್ಲ. ಸಿಗಾರಿನ ಡಬ್ಬಿಯೊಂದರಲ್ಲಿ ಕೂಡಿಟ್ಟ. ಡಬ್ಬಿ ಪರೀಕ್ಷೆಗೆಂದು ಹೊರಟು, ನ್ಯೂಯಾರ್ಕಿನ ಪ್ರಸಿದ್ಧ ಟಿಫನಿ ಅಂಗಡಿಯ ರತ್ನತಜ್ಞ ಜಾರ್ಜ್ ಕುನ್ಸ್‌ರ ಮೇಜನ್ನು ತಲಪಿತು. ಉತ್ತರವಾಗಿ ಬಂದುದು 3,750 ಡಾಲರಿನ ಚೆಕ್ಕು! ಆ ಕಲ್ಲುಗಳು ಉತ್ಕೃಷ್ಟವಾದ ಇಂದ್ರನೀಲಗಳು.

ಇಲ್ಲಿಯೂ ವಿಧಿಯ ನಗೆಯುಂಟು. ಹೂವರ್ ತನ್ನ ಪಾಲನ್ನು 5,000 ಡಾಲರಿಗೆ ಮಾರಿ ಬೇರೆಡೆ ಚಿನ್ನ ಹುಡುಕುತ್ತ ಹೊರಟುಹೋದ. ಯೋಗೋ ಕಣಿವೆಯ ನೀಲಮಣಿಗಳು ಆಮೇಲೆ ಇಂಗ್ಲೆಂಡಿನ ವ್ಯಾಪಾರಿಗಳ ಪೆಟ್ಟಿಗೆ ತುಂಬಿದುವು.

ನೀಲಿ ಹರಳುಗಳನ್ನು ಕೈಯಲ್ಲಿ ಹಿಡಿದು, ಅವುಗಳ ಬೆಲೆಯನ್ನೂ ತಿಳಿದ ಮೇಲೂ, ಹೂವರನ ಮನಸ್ಸು ಹಳದಿಯ ಬೆನ್ನುಹತ್ತಿಯೇ ಹೋಯಿತು. ಕೆಸರನ್ನೋ ಕರಿಮರಳನ್ನೋ ಪರೀಕ್ಷೆಗೆ ಕಳುಹಿಸಲು ತಗಲುವ ಖರ್ಚು ಕೆಲವೇ ಡಾಲರುಗಳು. ಬೇರೊಂದನ್ನು ಕಾಣಲು ಮನಸ್ಸನ್ನು ಒಪ್ಪಿಸುವುದು ಅದಕ್ಕಿಂತ ದುಬಾರಿ. ಆ ಬೆಲೆ ತೆರಲಾರದವರು ಬೋಗುಣಿ ಬಗ್ಗಿಸಿದ ಕಡೆಯೆಲ್ಲ ಹೊಳೆಗಳು ಇಂದಿಗೂ ಭಾರವಾದ ಕರಿಮರಳನ್ನು ತಮ್ಮ ಮಡುಗಳಲ್ಲಿ ಹೊತ್ತುಕೊಂಡೇ ಇವೆ.